ಆಸ್ಕರ್: ಊಹೆಗೊಂದು ಕಾಲಂ, ಇಷ್ಟಕ್ಕೊಂದು ಕಾಲಂ

ಸಂಪಾದಕರಿಗೆ,

ಮಾನ್ಯರೇ,

98ನೇ ಆಸ್ಕರ್‌ನ ನಾಮನಿರ್ದೇಶನಗಳು 2026ರ ಜನವರಿ 22ರಂದು ಹೊರಬಿದ್ದ ಮೇಲೆ ‘ಈ ಸಲ ಯಾರಿಗೆ?’ ಎಂಬ ಪಟ್ಟಿಗಳು ಎಲ್ಲೆಡೆ ಶುರುವಾಗಿವೆ. ಅವುಗಳಲ್ಲಿ ಬಹುಪಾಲು ಗೆಲ್ಲುವ ಚಿತ್ರವನ್ನೂ ಗೆಲ್ಲಬೇಕಾದ ಚಿತ್ರವನ್ನೂ ಒಂದೇ ಸಾಲಿನಲ್ಲಿ ಕಲಸಿಬಿಡುತ್ತವೆ. ಓದುಗರಿಗೆ ಇವೆರಡನ್ನೂ ಬೇರೆಬೇರೆಯಾಗಿ ಕೊಡಿ ಎಂದು ಕೇಳಲು ಈ ಪತ್ರ.

‘ಸಿನ್ನರ್ಸ್’ 16 ನಾಮನಿರ್ದೇಶನ ಪಡೆದು 14ರ ಹಳೆಯ ದಾಖಲೆ ಮುರಿದಿದೆ, ಹಾಗಾಗಿ ಅತ್ಯುತ್ತಮ ಚಿತ್ರವೂ ಅದೇ ಎನ್ನುವ ಲೆಕ್ಕ ಹಲವರದು. ಈ ಲೆಕ್ಕ ನಿಲ್ಲುವುದಿಲ್ಲ. 2022ರಲ್ಲಿ ‘ದಿ ಪವರ್ ಆಫ್ ದ ಡಾಗ್’ಗೆ 12 ನಾಮನಿರ್ದೇಶನವಿತ್ತು, ಕೈಗೆ ಬಂದದ್ದು ನಿರ್ದೇಶನದ್ದೊಂದೇ. ಬರೀ ಮೂರಿದ್ದ ‘ಕೋಡಾ’ ಮೂರನ್ನೂ ಗೆದ್ದಿತು, ಅತ್ಯುತ್ತಮ ಚಿತ್ರವೂ ಸೇರಿ. 2016ರಲ್ಲಿ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಆರು ಪ್ರಶಸ್ತಿ ಬಾಚಿಕೊಂಡರೂ ದೊಡ್ಡ ಪ್ರಶಸ್ತಿ ಹೋದದ್ದು ‘ಸ್ಪಾಟ್‌ಲೈಟ್’ಗೆ. ಆ ಚಿತ್ರಕ್ಕೆ ಅಂದು ಸಿಕ್ಕಿದ್ದು ಒಟ್ಟು ಎರಡೇ.

ಕಾರಣ ಎಣಿಕೆಯಲ್ಲಿದೆ. ಉಳಿದ ವಿಭಾಗಗಳ ಅಂತಿಮ ಸುತ್ತಿನಲ್ಲಿ ಆಸ್ಕರ್ ಕೊಡುವ ಅಕಾಡೆಮಿಯ ಸದಸ್ಯರು ಒಂದು ಹೆಸರಿಗೆ ಮತ ಹಾಕುತ್ತಾರೆ, ಹೆಚ್ಚು ಮತ ಬಿದ್ದವರಿಗೆ ಪ್ರಶಸ್ತಿ. ಅತ್ಯುತ್ತಮ ಚಿತ್ರಕ್ಕೆ ಮಾತ್ರ 2010ರ ಸಮಾರಂಭದಿಂದ ಬೇರೆ ಪದ್ಧತಿ: ಚಿತ್ರಗಳಿಗೆ 1, 2, 3 ಎಂದು ಕ್ರಮಾಂಕ ಕೊಡಬೇಕು. ಇದನ್ನು ಚೀಟಿ ಹಿಡಿದು ಮಾಡಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ನಲವತ್ತು ಚೀಟಿ, ಕ, ಚ, ಟ, ತ ಎಂಬ ನಾಲ್ಕು ಚಿತ್ರ ಎಂದಿಟ್ಟುಕೊಳ್ಳಿ. ಗೆಲ್ಲಲು ಅರ್ಧಕ್ಕಿಂತ ಒಂದು ಹೆಚ್ಚು, ಅಂದರೆ 21 ಬೇಕು. ಮೊದಲ ಕ್ರಮಾಂಕ ನೋಡಿ ಮೇಜಿನ ಮೇಲೆ ಗುಡ್ಡೆ ಹಾಕಿ: ಕ 14, ಚ 11, ಟ 8, ತ 7. ಯಾರಿಗೂ 21 ಬಂದಿಲ್ಲ. ಎಲ್ಲಕ್ಕಿಂತ ಸಣ್ಣದಾದ ‘ತ’ ಗುಡ್ಡೆ ಎತ್ತಿ, ಆ ಏಳು ಚೀಟಿಗಳಲ್ಲಿ ಎರಡನೆಯ ಹೆಸರು ನೋಡಿ ಹಂಚಿ. ಐದು ‘ಟ’ಗೆ, ‘ಕ’ ಮತ್ತು ‘ಚ’ಗೆ ಒಂದೊಂದು ಬಿತ್ತು ಎನ್ನೋಣ. ಈಗ ಕ 15, ಟ 13, ಚ 12. ಈ ಸಲ ‘ಚ’ ಗುಡ್ಡೆ ಎತ್ತಬೇಕು. ಅದರಲ್ಲಿ ಒಂಬತ್ತು ಚೀಟಿಯಲ್ಲಿ ಮುಂದಿನ ಹೆಸರು ‘ಟ’, ಮೂರರಲ್ಲಿ ‘ಕ’. ಕೊನೆಗೆ ಟ 22, ಕ 18. ಮೊದಲ ಸುತ್ತಿನಲ್ಲಿ ಎಂಟೇ ಚೀಟಿಯಿದ್ದ ‘ಟ’ ಗೆದ್ದಿತು! ಕೆಲವರು ತಲೆಯ ಮೇಲೆ ಹೊತ್ತು ಉಳಿದವರು ಕೊನೆಗೆ ತಳ್ಳುವ ಚಿತ್ರಕ್ಕೆ ಈ ಪದ್ಧತಿ ಒಲಿಯುವುದಿಲ್ಲ.

ಎಣಿಸುವಾಗ ತಪ್ಪುವ ಜಾಗಗಳು ಮೂರು. ಹಂಚುವ ಚೀಟಿಯಲ್ಲಿ ಮುಂದಿನ ಹೆಸರು ಆಗಲೇ ಹೊರಬಿದ್ದಿದ್ದರೆ ಅದರ ಕೆಳಗಿನದಕ್ಕೆ ಹೋಗಬೇಕು. ಒಂದೇ ಹೆಸರು ಬರೆದ ಚೀಟಿ, ಆ ಚಿತ್ರ ಬಿದ್ದೊಡನೆ ಲೆಕ್ಕದಿಂದ ಹೊರಗೆ. ಅದನ್ನು ಕಳೆದು ಉಳಿದ ಚೀಟಿಗಳ ಮೇಲೆ ಬಹುಮತ ನೋಡಬೇಕು, 21ಕ್ಕೇ ಅಂಟಿಕೊಂಡರೆ ಯಾರೂ ಗೆಲ್ಲದೆ ಕೂರಬೇಕಾದೀತು. ಮೂರನೆಯದು, ಮೊದಲ ಸ್ಥಾನಕ್ಕೆ ಹತ್ತು ಅಂಕ, ಎರಡಕ್ಕೆ ಒಂಬತ್ತು ಎಂದು ಕೂಡಿಸುವುದು. ಪತ್ರಿಕೆಗಳ ಓದುಗರ ಸ್ಪರ್ಧೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ, ಮತ್ತು ಇದು ಆಸ್ಕರ್ ಎಣಿಕೆಯೇ ಅಲ್ಲ. ಅಲ್ಲಿ ಮೇಲಿನ ಚಿತ್ರ ಕಣದಲ್ಲಿ ಇರುವಷ್ಟು ಹೊತ್ತು ಕೆಳಗಿನ ಹೆಸರಿಗೆ ಬೆಲೆಯಿಲ್ಲ.

ಈ ಬೆಳಕಿನಲ್ಲಿ ನಮ್ಮ ಊಹೆ: ಅತ್ಯುತ್ತಮ ಚಿತ್ರ ‘ಒನ್ ಬ್ಯಾಟಲ್ ಆಫ್ಟರ್ ಅನದರ್’. ಎರಡನೆಯ, ಮೂರನೆಯ ಕ್ರಮಾಂಕಗಳನ್ನು ಹೆಚ್ಚು ಕೂಡಿಹಾಕುವ ಗುಣ ಅದಕ್ಕಿದೆ. ನಮ್ಮ ಇಷ್ಟ ‘ಸಿನ್ನರ್ಸ್’. ರಕ್ತಪಿಶಾಚಿಯ ಕಥೆ ಎಂಬ ಒಂದೇ ಕಾರಣಕ್ಕೆ ಕೆಲವು ಸದಸ್ಯರು ಅದನ್ನು ಏಳು, ಎಂಟಕ್ಕೆ ತಳ್ಳಿಯಾರು ಎಂಬ ಭಯ ನಮಗಿದೆ. 1932ರ ಮಿಸಿಸಿಪ್ಪಿಯ ಆ ಕುಣಿತದ ಮನೆಯಲ್ಲಿ ಹುಡುಗನೊಬ್ಬ ಹಾಡತೊಡಗಿದಾಗ ಹಿಂದಿನವರೂ ಮುಂದೆ ಹುಟ್ಟಲಿರುವವರೂ ಅದೇ ನೆಲದ ಮೇಲೆ ಬಂದು ಕುಣಿಯುತ್ತಾರೆ. ಬಯಲಾಟವನ್ನು ಬೆಳಗಿನವರೆಗೆ ನೋಡಿದ ಕನ್ನಡಿಗರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಊಹೆಯನ್ನು ತಿದ್ದಿಕೊಳ್ಳುವವರು ಅಮೆರಿಕದ ನಿರ್ಮಾಪಕರ ಗಿಲ್ಡ್‌ನ ಪ್ರಶಸ್ತಿಗೆ ಕಾಯಲಿ. ಅಲ್ಲಿಯೂ ಕ್ರಮಾಂಕದ ಮತವೇ. 2009ರಿಂದ 2024ರವರೆಗಿನ ಹದಿನಾರು ವರ್ಷಗಳ ಚಿತ್ರಗಳಲ್ಲಿ ಅದರ ಆಯ್ಕೆ ಆಸ್ಕರ್‌ಗಿಂತ ಬೇರೆಯಾದದ್ದು ಮೂರೇ ಬಾರಿ, 2015, 2016 ಮತ್ತು 2019ರ ಚಿತ್ರಗಳಿಗೆ. 2013ರದ್ದು ಸಮ ಮತವಾಗಿ ಇಬ್ಬರಿಗೆ ಹಂಚಿತ್ತು.

ಛಾಯಾಗ್ರಹಣದಲ್ಲಿ ನಮ್ಮ ಎರಡೂ ಕಾಲಮಿನಲ್ಲಿ ಒಂದೇ ಹೆಸರು: ‘ಸಿನ್ನರ್ಸ್’ನ ಆಟಮ್ ಡ್ಯುರಾಲ್ಡ್ ಅರ್ಕಪಾ. 2025ರ ಸಮಾರಂಭದವರೆಗೆ ಈ ಪ್ರಶಸ್ತಿ ಒಬ್ಬ ಮಹಿಳೆಗೂ ಬಂದಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತು ಈ ವಿಭಾಗದ ತೀರ್ಪು ಕೊಡುವವರು ಒಂದು ಮಾತು ಗಮನಿಸಬೇಕು. ಚಿತ್ರವನ್ನು 65 ಮಿ.ಮೀ. ಫಿಲ್ಮಿನ ಎರಡು ಅಳತೆಯಲ್ಲಿ ತೆಗೆದಿದ್ದಾರೆ. ಕೆಲವು ಭಾಗ ಎತ್ತರಕ್ಕಿಂತ 2.76 ಪಟ್ಟು ಅಗಲ, ಕೆಲವು ಭಾಗ ಐಮ್ಯಾಕ್ಸ್‌ನ 1.43 ಪಟ್ಟು. ನಮ್ಮ ಊರಿನ ಐಮ್ಯಾಕ್ಸ್ ಪರದೆಗಳು ಡಿಜಿಟಲ್, ಅವುಗಳ ಅಳತೆ 1.90. ಹಾಗಾಗಿ ಎತ್ತರದ ದೃಶ್ಯಗಳಲ್ಲಿ ತಲೆಯ ಮೇಲೂ ಕಾಲ ಕೆಳಗೂ ಸೇರಿ ಸುಮಾರು ಕಾಲು ಭಾಗ ನಮಗೆ ಕಾಣಲೇ ಇಲ್ಲ. ಮನೆಯ ಟಿ.ವಿ.ಯಲ್ಲಿ ಅಗಲದ ದೃಶ್ಯ ಬಂದಾಗ ಪರದೆಯ ಮೂರನೇ ಒಂದಕ್ಕಿಂತ ಹೆಚ್ಚು ಕಪ್ಪು ಪಟ್ಟಿಗೇ ಹೋಗುತ್ತದೆ. ಮೊಬೈಲಿನಲ್ಲಿ ನೋಡಿದವರು ಈ ವಿಭಾಗವನ್ನು ಖಾಲಿ ಬಿಡುವುದೇ ಒಳ್ಳೆಯದು. ಶಬ್ದ ವಿಭಾಗಕ್ಕೂ ಇದೇ ಮಾತು. ನಮ್ಮ ಊಹೆ ‘ಎಫ್1’, ಎಂಜಿನ್ನಿನ ಸದ್ದು ಮತ ತರುತ್ತದೆ. ಇಷ್ಟ ಮಾತ್ರ ‘ಸಿರಾತ್’. ಮರುಭೂಮಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಸ್ಪೀಕರುಗಳ ಆ ತಗ್ಗಿನ ದನಿ ಕಿವಿಗಿಂತ ಮೊದಲು ಎದೆಗೆ ತಟ್ಟಬೇಕು, ಲ್ಯಾಪ್‌ಟಾಪಿನ ಸ್ಪೀಕರಿಗೆ ಆ ದನಿ ಹೊರಡಿಸುವ ಶಕ್ತಿಯೇ ಇಲ್ಲ.

ಈ ವರ್ಷದಿಂದ ಕಾಸ್ಟಿಂಗ್‌ಗೂ, ಅಂದರೆ ಪಾತ್ರಗಳಿಗೆ ನಟರನ್ನು ಆರಿಸುವ ಕೆಲಸಕ್ಕೂ, ಆಸ್ಕರ್ ಇದೆ. ಸದಸ್ಯರು ತಮ್ಮ ಮೆಚ್ಚಿನ ಚಿತ್ರಕ್ಕೇ ಇಲ್ಲಿಯೂ ಒತ್ತುತ್ತಾರೆ ಎಂಬ ಎಣಿಕೆಯಲ್ಲಿ ‘ಸಿನ್ನರ್ಸ್’ ಎಂದು ಊಹಿಸುತ್ತೇವೆ. ಇಷ್ಟ ಬ್ರೆಜಿಲ್‌ನ ‘ದಿ ಸೀಕ್ರೆಟ್ ಏಜೆಂಟ್’. ಎರಡೇ ನಿಮಿಷ ಬಂದು ಹೋಗುವ ಮುಖವೂ ಅದೇ ಬೀದಿಯಲ್ಲಿ ಹುಟ್ಟಿ ಬೆಳೆದಂತೆ ಕಾಣುತ್ತದೆ. ಕಾಸ್ಟಿಂಗ್ ಎಂದರೆ ಆ ಕೆಲಸವೇ ಹೊರತು ತಾರೆಯರ ಡೇಟ್ಸ್ ಹೊಂದಿಸುವುದಲ್ಲ. ಒಂದು ವಿಭಾಗದ ಎಲ್ಲ ಚಿತ್ರ ನೋಡಿದವರಿಗೆ ಮಾತ್ರ ಆ ವಿಭಾಗದಲ್ಲಿ ಅಂತಿಮ ಮತ ಎಂಬ ಹೊಸ ನಿಯಮವೂ ಈ ವರ್ಷವೇ ಬಂದಿದೆ. ಸಣ್ಣ ಚಿತ್ರಗಳಿಗೆ ಅದರಿಂದ ಲಾಭವಾದೀತು.

ಅಂತರರಾಷ್ಟ್ರೀಯ ವಿಭಾಗದ ಊಹೆ ‘ಸೆಂಟಿಮೆಂಟಲ್ ವ್ಯಾಲ್ಯೂ’, ಇಷ್ಟ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’. ಇರಾನಿನಲ್ಲಿ ಅನುಮತಿಯಿಲ್ಲದೆ ತೆಗೆದ ಈ ಚಿತ್ರದಲ್ಲಿ, ಹಿಂಸೆ ಕೊಟ್ಟವನ ಗುರುತು ಹಿಡಿಯಲು ಬಲಿಪಶುವಿಗೆ ಇರುವ ಸುಳಿವು ಅವನ ಕೃತಕ ಕಾಲಿನ ಕಿರಗುಟ್ಟುವಿಕೆ ಮಾತ್ರ. ನಟಿ ‘ಹ್ಯಾಮ್ನೆಟ್’ನ ಜೆಸ್ಸಿ ಬಕ್ಲಿ, ಅದರಲ್ಲಿ ಚರ್ಚೆಯಿಲ್ಲ. ನಟನ ಊಹೆ ‘ಮಾರ್ಟಿ ಸುಪ್ರೀಮ್’ನ ಟಿಮೊಥಿ ಶಾಲಮೆ, ಇಷ್ಟ ‘ದಿ ಸೀಕ್ರೆಟ್ ಏಜೆಂಟ್’ನ ವ್ಯಾಗ್ನರ್ ಮೌರಾ. ನಿರ್ದೇಶನ ‘ಒನ್ ಬ್ಯಾಟಲ್ ಆಫ್ಟರ್ ಅನದರ್’ನ ಪಾಲ್ ಥಾಮಸ್ ಆ್ಯಂಡರ್ಸನ್.

ಇನ್ನು ಪದಗಳ ವಿಷಯ, ಇದು ನಮಗೆ ನಿಜವಾಗಿ ನೋವು ಕೊಡುವ ಸಂಗತಿ. 2023ರ ಜನವರಿಯಲ್ಲಿ ‘ಕಾಂತಾರ’ ಆಸ್ಕರ್‌ಗೆ ನಾಮನಿರ್ದೇಶನಗೊಂಡಿದೆ ಎಂದು ಸುದ್ದಿಯಾಯಿತು. ಅದು ಇದ್ದದ್ದು 301 ಚಿತ್ರಗಳ ಅರ್ಹತಾ ಪಟ್ಟಿಯಲ್ಲಿ. ಅಮೆರಿಕದ ನಿಗದಿತ ನಗರಗಳಲ್ಲೊಂದರಲ್ಲಿ ಏಳು ದಿನ ಪ್ರದರ್ಶನ ಕಂಡು, ಅರ್ಜಿ ಸಲ್ಲಿಸಿ, ಉಳಿದ ಷರತ್ತು ಪೂರೈಸಿದ ಚಿತ್ರಗಳೆಲ್ಲ ಅದರಲ್ಲಿರುತ್ತವೆ. ಭಾರತದ ಅಧಿಕೃತ ಪ್ರವೇಶ ಬೇರೆ: ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ವರ್ಷಕ್ಕೊಂದು ಚಿತ್ರ ಕಳಿಸುತ್ತದೆ. ಎಲ್ಲ ದೇಶಗಳ ಚಿತ್ರಗಳಿಂದ 15ರ ಕಿರುಪಟ್ಟಿ, ಅದರಿಂದ ಐದು ನಾಮನಿರ್ದೇಶನ. ಈ ಸಲದ ‘ಹೋಮ್‌ಬೌಂಡ್’ 15ರವರೆಗೆ ಹೋಗಿ ನಿಂತಿತು. ಅರ್ಹತೆ, ಕಿರುಪಟ್ಟಿ, ನಾಮನಿರ್ದೇಶನ: ಮೂರಕ್ಕೂ ಒಂದೇ ಪದ ಬಳಸಿದರೆ ಮಾರ್ಚ್ ಬಂದಾಗ ಕನ್ನಡ ಚಿತ್ರ ಸೋತಿತು ಎಂದು ಜನ ಕೊರಗುತ್ತಾರೆ. ಆ ಚಿತ್ರ ಆ ಕಣಕ್ಕೆ ಇಳಿದೇ ಇರಲಿಲ್ಲ.

ತಾವು ಓದುಗರ ಸ್ಪರ್ಧೆ ಇಡುವುದಾದರೆ ಹತ್ತು ಚಿತ್ರಗಳ ಹೆಸರು ಅಚ್ಚು ಹಾಕಿ, ಪ್ರತಿಯೊಂದರ ಮುಂದೆ ಎರಡು ಚೌಕ ಕೊಡಿ. ಒಂದರಲ್ಲಿ ಇಷ್ಟದ ಕ್ರಮಾಂಕ, ಇನ್ನೊಂದರಲ್ಲಿ ಗೆಲ್ಲುವ ಚಿತ್ರಕ್ಕೆ ಒಂದೇ ಗುರುತು. ಬಹುಮಾನ ಊಹೆಗೆ ಇರಲಿ. ಇಷ್ಟದ ಚೀಟಿಗಳನ್ನು ಗುಡ್ಡೆ ಪದ್ಧತಿಯಲ್ಲಿ ಎಣಿಸಿ, ಪ್ರತಿ ಸುತ್ತಿನ ಅಂಕಿಯನ್ನೂ ಪ್ರಕಟಿಸಿ. ಸಮಾರಂಭ ನಮಗೆ ಮಾರ್ಚ್ 16ರ ಸೋಮವಾರ ಬೆಳಗಿನ ಜಾವ 4.30ಕ್ಕೆ. ಕಳೆದ ವರ್ಷ 5.30 ಇತ್ತು. ಅಮೆರಿಕದಲ್ಲಿ ಮಾರ್ಚ್ 8ಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಕಳೆದ ವರ್ಷದ ಸಮಾರಂಭ ಆ ದಿನಕ್ಕೆ ಮೊದಲೇ ಮುಗಿದಿತ್ತು. ಹಾಗಾಗಿ ಚೀಟಿ ತಲುಪಲು ಶನಿವಾರ ಸಂಜೆಯೇ ಕೊನೆ ಎಂದು ಮೊದಲೇ ಅಚ್ಚು ಹಾಕಿ. ಸೋಮವಾರದ ಅಂಚೆಯಲ್ಲಿ ಬಂದದ್ದನ್ನು ಎಣಿಕೆಗೆ ಸೇರಿಸಬೇಡಿ.

— ಬಸವನಗುಡಿಯ ಕೆಲವು ಸಿನಿಮಾಸಕ್ತರು, ಬೆಂಗಳೂರು