ಶುಭಾಶಯ ಭಾನುವಾರಕ್ಕಿರಲಿ

ಮಾನ್ಯ ಸಂಪಾದಕರೇ,

ಗುಡ್ ಫ್ರೈಡೇ ಬೆಳಿಗ್ಗೆ ಕ್ರೈಸ್ತ ನೆರೆಹೊರೆಯವರ ಮೊಬೈಲ್‌ಗೆ ‘ಹಬ್ಬದ ಶುಭಾಶಯ’ಗಳು ಸಾಲಾಗಿ ಬರುತ್ತವೆ. ಕಳಿಸುವವರ ಮನಸ್ಸು ಒಳ್ಳೆಯದೇ, ದಿನ ಮಾತ್ರ ತಪ್ಪು. ಅದು ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ. ಅಂದು ಉಪವಾಸ, ಮಾಂಸ ಇಲ್ಲ, ಚರ್ಚಿನ ಗಂಟೆಯೂ ಮೌನ. ರಜಾಪಟ್ಟಿಯಲ್ಲಿ ಶುಕ್ರವಾರದ ಹೆಸರಿರುತ್ತದೆ. ಯೇಸು ಮರಳಿ ಎದ್ದ ಸಂಭ್ರಮದ ಹಬ್ಬವಾದ ಈಸ್ಟರ್ ಹೇಗೂ ಭಾನುವಾರವೇ ಬರುವುದರಿಂದ ಅದಕ್ಕೆ ಬೇರೆ ರಜೆ ಬೇಕಿಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ತಮ್ಮ ಪತ್ರಿಕೆ ಆ ವಾರ ಇದನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಉಪಕಾರವಾದೀತು.

ತಾರೀಖು ಪ್ರತಿವರ್ಷ ಏಕೆ ಬದಲಾಗುತ್ತದೆ ಎಂದು ಕೇಳುವವರೂ ಇದ್ದಾರೆ. ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರವೇ ಈಸ್ಟರ್. ಹುಣ್ಣಿಮೆಯನ್ನು ಆಕಾಶ ನೋಡಿ ಹೇಳುವುದಿಲ್ಲ, ಚರ್ಚಿನ ಕೋಷ್ಟಕ ನೋಡಿ ಹೇಳುತ್ತಾರೆ. ಹಾಗಾಗಿ 2026ರಲ್ಲಿ ಏಪ್ರಿಲ್ 5, 2027ರಲ್ಲಿ ಯುಗಾದಿಗೂ ಮೊದಲೇ, ಮಾರ್ಚ್ 28. ಪಂಚಾಂಗ ನೋಡುವ ಮಲೆನಾಡಿನವರಿಗೆ ಇದೇನು ಹೊಸ ಲೆಕ್ಕವಲ್ಲ.

ಹಬ್ಬಕ್ಕೆ ಕ್ರೈಸ್ತ ಸ್ನೇಹಿತರ ಮನೆಗೆ ಹೋಗುವವರು ಭಾನುವಾರ ಹನ್ನೊಂದರ ಮೇಲೆ ಹೋದರೆ ಒಳ್ಳೆಯದು. ಶನಿವಾರದ ಜಾಗರಣೆ ಪೂಜೆ ಕತ್ತಲಾದ ಮೇಲೆ ಹೊಸ ಬೆಂಕಿಯಿಂದ ಶುರುವಾಗುತ್ತದೆ. ಬೈಬಲ್ ವಾಚನಗಳ ಸಂಖ್ಯೆಯೇ ಒಂಬತ್ತರವರೆಗೆ ಇರುವುದರಿಂದ ಎಷ್ಟೋ ಕಡೆ ಮನೆ ಸೇರುವಾಗ ನಡುರಾತ್ರಿ ದಾಟಿರುತ್ತದೆ. ಹಬ್ಬದ ತಿಂಡಿಯಾದ ಸಾನ್ನ, ಅಂದರೆ ಹಬೆಯಲ್ಲಿ ಬೇಯಿಸುವ ಇಡ್ಲಿಯಂಥ ಅಕ್ಕಿ ತಿಂಡಿ, ಕೆಡುವುದಕ್ಕೂ ಇದೇ ಕಾರಣ. ಪೂಜೆಗೆ ಹೊರಡುವ ಮುಂಚೆ ಯೀಸ್ಟ್ ಕಲಸಿಟ್ಟರೆ ನಮ್ಮ ಏಪ್ರಿಲ್ ಸೆಖೆಗೆ ಹಿಟ್ಟು ಒಂದೂವರೆ ಗಂಟೆಯೊಳಗೆ ಉಬ್ಬುತ್ತದೆ. ಬೆಳಗಿನ ಹೊತ್ತಿಗೆ ಪಾತ್ರೆಯಿಂದ ಉಕ್ಕಿ, ಒಳಗಿನ ಗಾಳಿ ಬಿಟ್ಟು ಇಳಿದಿರುತ್ತದೆ. ಅಂಥ ಹಿಟ್ಟು ಬೇಯಿಸಿದರೆ ನಡುವೆ ಗುಳಿ, ಬಾಯಿಗಿಟ್ಟರೆ ಹುಳಿ.

ಹತ್ತು ಜನಕ್ಕೆ ಎರಡು ಪಾವು ಕುಚ್ಚಲಕ್ಕಿ, ಒಂದು ಪಾವು ದೋಸೆ ಅಕ್ಕಿ, ಅರ್ಧ ಪಾವು ಉದ್ದಿನಬೇಳೆ ಸಾಕು. ಶನಿವಾರ ಬೆಳಿಗ್ಗೆ ನೆನೆಹಾಕಿ, ಸಂಜೆ ನುಣ್ಣಗೆ ರುಬ್ಬಿ, ಯೀಸ್ಟ್ ಹಾಕದೆ ಫ್ರಿಜ್‌ನಲ್ಲಿಡಬೇಕು. ಕರಾವಳಿಯವರು ಹಾಕುವ ತಾಜಾ ಶೇಂದಿ ಘಟ್ಟದ ಮೇಲೆ ಸಿಗುವುದು ಕಷ್ಟ, ಅದಕ್ಕೇ ಯೀಸ್ಟ್. ಭಾನುವಾರ ಐದಕ್ಕೆ ಎದ್ದು ಹಿಟ್ಟಿನ ಪಾತ್ರೆಯನ್ನು ಬೆಚ್ಚನೆ ನೀರಿನಲ್ಲಿ ಕೂರಿಸಿ ತಣ್ಣಗಿರುವುದನ್ನು ಬಿಡಿಸಿ. ಒಂದು ಚಹಾ ಚಮಚ ಒಣ ಯೀಸ್ಟನ್ನು ಸಕ್ಕರೆ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ನೊರೆ ಬಂದ ಮೇಲೆ ಸೇರಿಸಿ. ನೊರೆ ಬಾರದಿದ್ದರೆ ಯೀಸ್ಟ್ ಹಳೆಯದು, ಇಲ್ಲವೇ ನೀರು ಬಿಸಿಯಾಗಿ ಸತ್ತಿದೆ. ಚೆಲ್ಲಿ ಬೇರೆ ಮಾಡಿಕೊಳ್ಳಿ. ಉಪ್ಪನ್ನು ಯೀಸ್ಟಿನ ಮೇಲೆ ನೇರ ಸುರಿಯಬಾರದು. ಹಿಟ್ಟು ಉಬ್ಬಿದ ಮೇಲೆ ಬಟ್ಟಲಿಗೆ ಅರ್ಧದಷ್ಟೇ ಹಾಕುವುದು, ನೀರು ಕುದಿ ಬಂದ ಮೇಲೆಯೇ ಒಳಗಿಡುವುದು, ಮುಚ್ಚಳಕ್ಕೊಂದು ಬಟ್ಟೆ ಕಟ್ಟುವುದು. ಹಬೆಯ ಹನಿ ಬಿದ್ದ ಸಾನ್ನದ ಮೇಲ್ಭಾಗ ಅಂಟಂಟಾಗುತ್ತದೆ.

ಸಾನ್ನದಲ್ಲಿ ಮೊಟ್ಟೆಯೂ ಇಲ್ಲ, ಮಾಂಸವೂ ಇಲ್ಲ. ಸಸ್ಯಾಹಾರಿ ಸ್ನೇಹಿತರಿಗೆ ಹಂದಿ ಸಾರಿನ ಸೌಟು ತಾಗದಂತೆ ಬೇರೆ ಪಾತ್ರೆಯಲ್ಲಿಟ್ಟು ಬಾಳೆಹಣ್ಣಿನ ರಸಾಯನದೊಂದಿಗೆ ಕೊಟ್ಟರೆ ಸಂಕೋಚವಿಲ್ಲದೆ ತಿನ್ನುತ್ತಾರೆ.

ರಿಪ್ಪನ್‌ಪೇಟೆ, ಹೊಸನಗರದ ಕಡೆಯ ಮಲಯಾಳಿ ಸಿರಿಯನ್ ಕ್ರೈಸ್ತರ ಪೆಸಹಾ ಅಪ್ಪದ ಮಾತು ಬೇರೆ. ಹುದುಗು ಬರಿಸದ ಆ ಅಪ್ಪ ಗುರುವಾರ ರಾತ್ರಿಯದ್ದು, ಮನೆಯ ಹಿರಿಯರು ಪ್ರಾರ್ಥಿಸಿ ಮುರಿದು ಹಂಚುವಂಥದ್ದು. ಅದನ್ನು ಭಾನುವಾರದ ತಿಂಡಿಯೆಂದು ಕೇಳಬಾರದು.

ಮಕ್ಕಳಿಗಾಗಿ ಬಣ್ಣದ ಮೊಟ್ಟೆ ಮಾಡುವವರು ನಾಟಿ ಮೊಟ್ಟೆ ಬಿಟ್ಟು ಬಿಳಿ ಚಿಪ್ಪಿನ ಫಾರಂ ಮೊಟ್ಟೆ ತೆಗೆದುಕೊಳ್ಳಲಿ, ಕಂದು ಚಿಪ್ಪಿನ ಮೇಲೆ ಬಣ್ಣ ಎದ್ದು ಕಾಣುವುದಿಲ್ಲ. ಅಂದೇ ಇಟ್ಟ ಮೊಟ್ಟೆಯಂತೂ ಸುಲಿಯುವಾಗ ಬಿಳಿಭಾಗವನ್ನೇ ಕಿತ್ತುಕೊಂಡು ಬರುತ್ತದೆ. ವಾರದ ಹಿಂದಿನದ್ದು ಚೆನ್ನಾಗಿ ಬಿಡುತ್ತದೆ. ಹತ್ತು ಈರುಳ್ಳಿಯ ಒಣಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಸೋಸಿ, ಒಂದು ಚಮಚ ವಿನೆಗರ್ ಹಾಕಿ. ಮೊಟ್ಟೆಗೆ ಕೊತ್ತಂಬರಿ ಎಲೆಯೊಂದನ್ನು ಒತ್ತಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಅದರಲ್ಲೇ ಬೇಯಿಸಿದರೆ, ಬಿಚ್ಚಿದಾಗ ಕೆಂಗಂದು ಚಿಪ್ಪಿನ ಮೇಲೆ ಎಲೆಯ ಹಲ್ಲುಹಲ್ಲು ಅಂಚು ಬೆಳ್ಳಗೆ ಉಳಿದಿರುತ್ತದೆ. ತಿನ್ನುವ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಅಂಗಳದಲ್ಲಿ ಬಚ್ಚಿಟ್ಟು ಹುಡುಕಿಸುವುದಕ್ಕೆ ಬೇರೆಯದೇ ಇರಲಿ.

ಜಾಗರಣೆಯಲ್ಲಿ ಹಿಡಿಯುವ ಮೇಣದಬತ್ತಿಯನ್ನು ಕಾಗದದ ಲೋಟದ ತಳ ತೂತು ಮಾಡಿ ಸಿಕ್ಕಿಸಿಕೊಂಡರೆ ಕೈ ಸುಡುವುದಿಲ್ಲ. ಹಬ್ಬದ ಹತ್ತಿ ಬಟ್ಟೆಗೆ ಮೇಣ ಬಿದ್ದರೆ ಉಜ್ಜಬೇಡಿ. ಆರಿದ ಮೇಲೆ ಕೆರೆದು ತೆಗೆದು, ಮೇಲೆ ಕೆಳಗೆ ಕಾಗದವಿಟ್ಟು ಇಸ್ತ್ರಿ ಮಾಡಿದರೆ ಕಾಗದವೇ ಹೀರಿಕೊಳ್ಳುತ್ತದೆ. ತಮ್ಮ ಪತ್ರಿಕೆ ಬೇಡ, ಶಾಯಿ ಬಟ್ಟೆಗೆ ಹತ್ತೀತು. ಬಿಳಿ ಹಾಳೆಯೇ ಸರಿ.

– ಕೆಲವು ಓದುಗರು, ಶಿವಮೊಗ್ಗ