ಹಳೇ ಪೆನ್ನಿಗೆ ಇನ್ನು ಕೇಳದೆ ಪಾಲಿಶ್ ಇಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಇಂಕ್ ಪೆನ್ನು ರಿಪೇರಿಗೆ ಕೊಟ್ಟರೆ ಪಾಲಿಶ್ ಮಾಡಿಯೇ ವಾಪಸ್ ಕೊಡುವುದು ನಮ್ಮ ಅಂಗಡಿಯ ರೂಢಿ. ನೀವು ಕೇಳುವುದೂ ಬೇಕಿರಲಿಲ್ಲ. ಬರುವ ತಿಂಗಳ ಒಂದನೇ ತಾರೀಖಿನಿಂದ ಇದನ್ನು ನಿಲ್ಲಿಸುತ್ತಿದ್ದೇವೆ. ಸರ್ವಿಸ್ ದರದಲ್ಲಿ ಪಾಲಿಶಿನ ಲೆಕ್ಕಕ್ಕೆ 60 ರೂಪಾಯಿ ಸೇರಿತ್ತು. ಅದನ್ನು ಕಳೆದಿದ್ದೇವೆ.

ಕಾರಣ ಹೇಳಿಬಿಡುತ್ತೇವೆ. ಕಳೆದ ಮಳೆಗಾಲದಲ್ಲಿ ಒಬ್ಬರು ತಮ್ಮ ತಂದೆಯ ಪೆನ್ನು ತಂದರು. ಒಳಗೆ ಇಂಕು ಒಣಗಿ ಕಟ್ಟಿಕೊಂಡಿತ್ತು, ಅಷ್ಟೇ. ಬಿಡಿಸಿದೆವು. ಮೈ ಕಂದು ತಿರುಗಿತ್ತಲ್ಲ, ಚೆನ್ನಾಗಿ ಕಾಣಲಿ ಅಂತ ಪಾಲಿಶ್ ಚಕ್ರಕ್ಕೆ ಹಿಡಿದೆವು. ಕನ್ನಡಿಯ ಹಾಗೆ ಹೊಳೆಯಿತು. ಅವರು ಬಂದು, ಪೆನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಅಪ್ಪನ ಹೆಸರೆಲ್ಲಿ?" ಅಂದರು. ಯಾವತ್ತೋ ಕೆತ್ತಿಸಿದ್ದ ಹೆಸರು, ಮೊದಲೇ ಸವೆದಿತ್ತು. ಉಳಿದಿದ್ದನ್ನು ನಾವು ಉಜ್ಜಿ ಹಾಕಿದ್ದೆವು. ಮತ್ತೆ ಕೆತ್ತಿಸಿಕೊಡುತ್ತೇವೆ ಅಂದೆವು. ಬೇಡ ಅಂದರು. ಬೈದಿದ್ದರೆ ವಾಸಿ ಇತ್ತು.

ಆ ಪೆನ್ನು ಎಬೊನೈಟಿನದು. ರಬ್ಬರಿಗೆ ಜಾಸ್ತಿ ಗಂಧಕ ಸೇರಿಸಿ, ಬಿಸಿಯಲ್ಲಿ ಗಟ್ಟಿ ಮಾಡಿದ ವಸ್ತು ಅದು. ಹಳೇ ಕಾಲದ ಪೆನ್ನು ಬಹಳಷ್ಟು ಇದರಲ್ಲೇ ಆದವು. ರಾಜಮಂಡ್ರಿಯ ರತ್ನಂ ಪೆನ್ನನ್ನು ಈಗಲೂ ಎಬೊನೈಟಿನಲ್ಲಿ ಮಾಡುತ್ತಾರೆ. ಬಿಸಿಲು ಮತ್ತು ತೇವ ತಗುಲಿದರೆ ಇದರ ಕಪ್ಪು ಕಂದಾಗುತ್ತದೆ, ಒಮ್ಮೊಮ್ಮೆ ಹಸಿರು ಮಿಶ್ರಿತ ಕಂದು. ಬೆರಳಲ್ಲಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ಕೊಳೆಯಾದರೆ ಒರೆಸಬಹುದು. ಇದು ಕೊಳೆಯಲ್ಲ, ಮೇಲ್ಪದರವೇ ಬಣ್ಣ ಬದಲಾಯಿಸಿರುತ್ತದೆ. ಹಾಗಾಗಿ ಪಾಲಿಶಿನಿಂದ ಕಪ್ಪು ಬರಬೇಕಾದರೆ ಆ ಪದರವನ್ನು ಕೆರೆಯಲೇಬೇಕು. ಪದರದ ಜೊತೆ ಅದರ ಮೇಲಿನ ಅಕ್ಷರವೂ ಹೋಗುತ್ತದೆ, ಅಲ್ವಾ?

ಅಮೆರಿಕದ ವಾಟರ್‌ಮನ್ ಕಂಪನಿಯ ಹಳೇ ಪೆನ್ನುಗಳ ಮೈಮೇಲೆ 1884ರ ಪೇಟೆಂಟ್ ತಾರೀಖು ಅಚ್ಚಾಗಿರುವುದುಂಟು. ಸಂಗ್ರಾಹಕರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಅದನ್ನೇ. ಅಕ್ಷರ ಅಳಿದ, ಫಳಫಳ ಹೊಳೆಯುವ ಪೆನ್ನಿಗಿಂತ ಅಕ್ಷರ ಉಳಿದ ಕಂದು ಪೆನ್ನಿಗೇ ಅವರು ಜಾಸ್ತಿ ಕೊಡುತ್ತಾರೆ. ಇದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿದ್ದೂ ಕೈ ಸುಮ್ನೆ ಚಕ್ರದ ಕಡೆ ಹೋಗುತ್ತಿತ್ತು.

ತೊಳೆಯುವ ಕ್ರಮವೂ ಬದಲಾಗಿದೆ. ಮೊದಲು ಇಡೀ ಪೆನ್ನನ್ನು ರಾತ್ರಿಯೆಲ್ಲ ನೀರಲ್ಲಿ ಬಿಡುತ್ತಿದ್ದೆವು. ಬೆಳಿಗ್ಗೆ ಕಂದು ಇನ್ನೂ ಹೆಚ್ಚಿರುತ್ತಿತ್ತು, ಅದಕ್ಕೇ ಮತ್ತೆ ಪಾಲಿಶ್! ಈಗ ನಿಬ್ಬು ಮತ್ತು ಅದರ ಕೆಳಗಿನ ನಾಲಗೆ ಮಾತ್ರ ನೀರಿಗೆ. ಮೈ, ಮುಚ್ಚಳ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಕೂಡಲೇ ಒಣಗಿಸುತ್ತೇವೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಎರಡು ದಿನದ ಕೆಲಸ ನಾಲ್ಕು ದಿನ ಆಗಬಹುದು, ದಯವಿಟ್ಟು ಹೊಂದಿಕೊಳ್ಳಿ.

ಹೊಳಪೇ ಬೇಕು ಅನ್ನುವವರೂ ಇದ್ದೀರಿ. ದಿನಾ ಬರೆಯುವ ಹೊಸ ಪೆನ್ನಾದರೆ ಧಾರಾಳವಾಗಿ ಮಾಡಿಕೊಡುತ್ತೇವೆ. ಹಳೆಯದಾದರೆ ನಿಮ್ಮೆದುರೇ ಭೂತಗನ್ನಡಿಯಲ್ಲಿ ನೋಡಿ, ಫೋಟೋ ತೆಗೆದು, ನೀವು ಚೀಟಿಯಲ್ಲಿ ಬರೆದುಕೊಟ್ಟ ಮೇಲೆ.

ಕೊರಿಯರಿನಲ್ಲಿ ಕಳಿಸುವವರು ಇಂಕು ಪೂರ್ತಿ ಖಾಲಿ ಮಾಡಿ ಕಳಿಸಿ. ಡ್ರಾಪರಿನಲ್ಲಿ ತುಂಬುವ ಪೆನ್ನಾದರೆ ಇದು ಇನ್ನೂ ಮುಖ್ಯ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದರೆ ಇಂಕನ್ನೆಲ್ಲ ಕಕ್ಕಿಬಿಡುತ್ತದೆ. ಹೋದ ವಾರ ಒಂದು ಡಬ್ಬಿ ನೀಲಿಯಾಗಿಯೇ ಬಂತು.

ಇಂತಿ,
ಪೆನ್ನು ರಿಪೇರಿ ಅಂಗಡಿಯವರು