ಡಿಜಿಟಲ್ ಬದುಕಿನ ಅಧ್ಯಯನಗಳು ಕನ್ನಡಕ್ಕೂ ಬರಲಿ

ಮಾನ್ಯರೇ,

ಮೊಬೈಲ್ ಮಕ್ಕಳನ್ನು ಹಾಳು ಮಾಡುತ್ತಿದೆ ಎಂಬ ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ. ಜನ ಅದನ್ನು ನಿಜಕ್ಕೂ ಹೇಗೆ ಬಳಸುತ್ತಾರೆ ಎಂದು ತಾಳ್ಮೆಯಿಂದ ನೋಡಿ ಬರೆದ ಪುಸ್ತಕಗಳು ಮಾತ್ರ ಕನ್ನಡದಲ್ಲಿ ತೀರಾ ವಿರಳ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾನವಶಾಸ್ತ್ರಜ್ಞ ಡೇನಿಯಲ್ ಮಿಲ್ಲರ್ ಮತ್ತು ಸಂಗಡಿಗರು ಚೀನಾ, ಬ್ರೆಜಿಲ್, ಟರ್ಕಿ ಮೊದಲಾದೆಡೆ 15 ತಿಂಗಳು ಜನರ ನಡುವೆ ಇದ್ದು, ಅವರು ಸಾಮಾಜಿಕ ಜಾಲತಾಣಗಳನ್ನು ಬಳಸುವ ಬಗೆಯನ್ನು ಕುರಿತು ಬರೆದ ಗ್ರಂಥಮಾಲೆ 2016ರಿಂದ ಪ್ರಕಟವಾಯಿತು. ಅದರಲ್ಲಿ ಶ್ರೀರಾಮ್ ವೆಂಕಟರಾಮನ್ ಅವರ ಪುಸ್ತಕ (2017) ಚೆನ್ನೈ ಹೊರವಲಯದ, ಐಟಿ ಕಂಪನಿಗಳು ಬಂದು ನೆಲೆಸಿದ ಹಳ್ಳಿಗಳದ್ದು. ಜಾತಿ, ನೆಂಟಸ್ತಿಕೆ, ಹೆಣ್ಣುಮಕ್ಕಳ ಮೇಲಿನ ಕಣ್ಗಾವಲು ಫೇಸ್‌ಬುಕ್ಕಿನೊಳಗೂ ಮುಂದುವರಿಯುವ ಬಗೆಯನ್ನು ಅದು ಬಿಡಿಸಿಡುತ್ತದೆ. ಬೆಳಗಾದರೆ ಬರುವ ಶುಭೋದಯದ ಚಿತ್ರವನ್ನೂ ಹಗುರವಾಗಿ ಕಾಣುವುದಿಲ್ಲ. ಓದುತ್ತ ಹೋದಂತೆ ಸರ್ಜಾಪುರ, ವೈಟ್‌ಫೀಲ್ಡ್ ಸುತ್ತಲಿನ ಊರುಗಳೇ ಕಣ್ಣಿಗೆ ಕಟ್ಟುತ್ತವೆ.

ಈ ಪುಸ್ತಕಗಳನ್ನು ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಕನ್ನಡ ಮಾಧ್ಯಮದಲ್ಲಿ ಪತ್ರಿಕೋದ್ಯಮ, ಸಮಾಜಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿನ ಇಂಗ್ಲಿಷ್ ಕಬ್ಬಿಣದ ಕಡಲೆ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರವು ಪ್ರಕಾಶಕರ ಅನುಮತಿ ಪಡೆದು, ಕನಿಷ್ಠ ವೆಂಕಟರಾಮನ್ ಅವರ ಪುಸ್ತಕವೊಂದನ್ನಾದರೂ ಬೇಗ ಅನುವಾದ ಮಾಡಿಸಲಿ. ನಮ್ಮ ವಿಶ್ವವಿದ್ಯಾಲಯಗಳೂ ಇಂಥದೇ ಕ್ಷೇತ್ರಕಾರ್ಯವನ್ನು ಕರ್ನಾಟಕದ ಹಳ್ಳಿಗಳಲ್ಲಿ ಕೈಗೊಳ್ಳಲಿ.

– ಪತ್ರಿಕೋದ್ಯಮ ಉಪನ್ಯಾಸಕಿ, ಹಾಸನ